ಬಾವಿಗೋಡೆಯ ಹಂಸಪಾದಿ: ಹಲವು ನಾಡುಗಳು ನಂಬಿದ ಒಂದು ಜರೀಗಿಡ

ಕಳೆದ ಕಾರ್ತಿಕ ಮಾಸದ ಒಂದು ಸೋಮವಾರ ದಾಸೋಹ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದರು. ಕೈಯಲ್ಲಿ ಒಂದು ಚೀಲವಿತ್ತು. ಚೀಲದ ತುಂಬ ಹಸಿ ಜರೀಗಿಡ. ಮಠದ ಹಿಂದಿನ ತೋಟದ ಹಳೆಯ ಬಾವಿಯ ಗೋಡೆಯಿಂದ ಮೊಮ್ಮಗನ ಕೈಯಲ್ಲಿ ಕೀಳಿಸಿ ತಂದಿದ್ದರು. ಮೂತ್ರಪಿಂಡದ ಕಲ್ಲಿಗೆ ಇದರ ಕಷಾಯವೇ ಸಾಕೆಂದು ಯಾರೋ ಮೊಬೈಲಿಗೆ ಸಂದೇಶ ಕಳಿಸಿದ್ದರಂತೆ. ಆ ಸಂದೇಶವನ್ನು ನಂಬಿ ಅವರು ಆಸ್ಪತ್ರೆಯಿಂದ ಕೊಟ್ಟಿದ್ದ ಮಾತ್ರೆಗಳನ್ನು ಮೂರು ವಾರಗಳಿಂದ ನಿಲ್ಲಿಸಿದ್ದರು. “ಇದು ಅದೇ ಗಿಡ ಹೌದೋ ಅಲ್ಲವೋ ನೀವು ಹೇಳಿ” ಎಂಬುದು ಅವರ ಬೇಡಿಕೆ.

ನಾವು ಕನ್ನಡ ಸಾಹಿತ್ಯ ಓದಿದವರೇ ಹೊರತು ವೈದ್ಯರಲ್ಲ. ಆದುದರಿಂದ ಅವರನ್ನು ತಾಲ್ಲೂಕು ಕೇಂದ್ರದ ಆಯುರ್ವೇದ ವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ವೈದ್ಯರು ಚೀಲವನ್ನು ಮೇಜಿನ ಮೇಲೆ ಸುರಿದು ಗಿಡಗಳನ್ನು ಮೂರು ಗುಂಪು ಮಾಡಿದರು. ಮೂರೂ ಜರೀಗಿಡಗಳೇ, ಆದರೆ ಹಂಸಪಾದಿ ಎಂಬ ಔಷಧಿಯ ಜಾತಿಗೆ ಸೇರಿದ್ದು ಅವುಗಳಲ್ಲಿ ಒಂದು ಮಾತ್ರ. ಉಳಿದೆರಡರಲ್ಲಿ ಒಂದನ್ನು ಬಾಯಿಗೆ ಹಾಕಲೇಬಾರದೆಂದು ಅವರು ಖಚಿತವಾಗಿ ಹೇಳಿದರು. ಆ ತಾಯಿ ಮರಳಿ ಮಾತ್ರೆ ಆರಂಭಿಸಿದರು, ಈಗ ಆರೋಗ್ಯದಿಂದಿದ್ದಾರೆ. ಅಂದಿನಿಂದ ಈ ಗಿಡದ ವಿಷಯವಾಗಿ ನಾವು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಭಕ್ತರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಗಿಡದ ಗುರುತು

ಹೂವಿಲ್ಲದ, ಕಾಯಿಲ್ಲದ, ಬೀಜವಿಲ್ಲದ ಸಸ್ಯಗಳಲ್ಲಿ ಜರೀಗಿಡಗಳದು ಬಹು ಪುರಾತನ ಕುಲ. ಎಲೆಯ ಹಿಂಬದಿಯಲ್ಲಿ ಕಂದುಬಣ್ಣದ ಪುಡಿಯಂತೆ ಕಾಣುವ ಬೀಜಕಗಳಿಂದಲೇ ಅವುಗಳ ವಂಶ ಬೆಳೆಯುತ್ತದೆ. ಬೀಜಕವು ಗಾಳಿಯಲ್ಲಿ ಹಾರಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಅದು ಮೊಳೆತು ಮುಂದಿನ ಗಿಡವಾಗಬೇಕಾದರೆ ನೀರಿನ ತೆಳುವಾದ ಪದರ ಬೇಕೇ ಬೇಕು. ಗಂಡು ಕಣವು ಹೆಣ್ಣು ಕಣದ ಬಳಿಗೆ ಈಜಿ ಹೋಗುವುದು ಆ ನೀರಿನಲ್ಲಿಯೇ. ಈ ಕಾರಣದಿಂದ ನಮ್ಮಂತಹ ಒಣ ಸೀಮೆಯಲ್ಲಿ ಹೆಚ್ಚಿನ ಜರೀಗಿಡಗಳು ಬಾವಿಯ ಒಳಗೋಡೆ, ಕಲ್ಯಾಣಿಯ ಮೆಟ್ಟಿಲ ಸಂದು, ಕೆರೆಯ ತೂಬು, ತೋಟದ ಕಾಲುವೆಯ ನೆರಳುಬದಿ ಮುಂತಾದ ಕಡೆ ಮಾತ್ರ ಕಾಣುತ್ತವೆ.

ಹಂಸಪಾದಿಯು ‘ಅಡಿಯಾಂಟಮ್’ ಎಂಬ ಕುಲಕ್ಕೆ ಸೇರಿದುದು. ಆಯುರ್ವೇದದಲ್ಲಿ ಇಂದು ಹಂಸಪಾದಿ ಎಂದು ಒಪ್ಪಿರುವುದು ‘ಅಡಿಯಾಂಟಮ್ ಲೂನುಲೇಟಮ್’ ಎಂಬ ಜಾತಿಯನ್ನು. ಅರ್ಧಚಂದ್ರಾಕಾರದ ಕಿರುಎಲೆಗಳು ಹಂಸದ ಪಾದದಂತೆ ಹರಡಿಕೊಂಡಿರುವುದರಿಂದ ಆ ಹೆಸರು. ಮಳೆಗಾಲದಲ್ಲಿ ಚಿಗುರಿ ಬೇಸಿಗೆಯಲ್ಲಿ ಒಣಗುತ್ತದೆ. ಎಲೆದಂಟಿನ ತುದಿ ನೆಲಕ್ಕೆ ತಾಗಿದರೆ ಅಲ್ಲಿಯೇ ಬೇರುಬಿಟ್ಟು ಹೊಸ ಗಿಡವಾಗುತ್ತದೆ. ಇದರ ಸೋದರಿಯಾದ ‘ಅಡಿಯಾಂಟಮ್ ಕ್ಯಾಪಿಲಸ್ ವೆನೆರಿಸ್’ ನೀರೂರುವ ಬಾವಿಗೋಡೆಗಳಲ್ಲಿ ಜೋತುಬಿದ್ದು ಬೆಳೆಯುತ್ತದೆ. ಎಲೆಗಳು ಸ್ವಲ್ಪಮಟ್ಟಿಗೆ ಕೊತ್ತಂಬರಿಯನ್ನು ಹೋಲುತ್ತವೆ. ಎರಡಕ್ಕೂ ಸಮಾನವಾದ ಗುರುತು ಕಪ್ಪಾಗಿ, ನುಣುಪಾಗಿ, ಎಣ್ಣೆ ಹಚ್ಚಿದ ಕೂದಲಿನಂತೆ ಹೊಳೆಯುವ ತೆಳು ದಂಟು. ಇನ್ನೊಂದು ಗುರುತೆಂದರೆ ಎಲೆಯ ಮೇಲೆ ನೀರು ನಿಲ್ಲದಿರುವುದು. ಚಿಮುಕಿಸಿದ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿಹೋಗುತ್ತದೆ.

ನಮ್ಮ ವೈದ್ಯಗ್ರಂಥಗಳಲ್ಲಿ

ಚರಕಸಂಹಿತೆಯ ಸೂತ್ರಸ್ಥಾನದ 4ನೇ ಅಧ್ಯಾಯದಲ್ಲಿ ಔಷಧಿಗಳನ್ನು ಹತ್ತು ಹತ್ತರಂತೆ 50 ಗುಂಪುಗಳಾಗಿ ಹೇಳಿದೆ. ಅವುಗಳಲ್ಲಿ ‘ಕಂಠ್ಯ’ ಎಂಬುದು ಗಂಟಲಿಗೆ, ಸ್ವರಕ್ಕೆ ಹಿತವಾದ ಹತ್ತು ಔಷಧಿಗಳ ಗುಂಪು. ನನ್ನಾರಿ, ಕಬ್ಬಿನ ಬೇರು, ಜ್ಯೇಷ್ಠಮಧು, ಹಿಪ್ಪಲಿ, ದ್ರಾಕ್ಷಿ ಮೊದಲಾದವುಗಳ ಜೊತೆಯಲ್ಲಿ ಹಂಸಪಾದಿಯೂ ಅಲ್ಲಿದೆ. ಸುಶ್ರುತಸಂಹಿತೆಯು ಇದನ್ನು ವಿದಾರಿಗಂಧಾದಿ ಗಣದಲ್ಲಿ ಸೇರಿಸಿದೆ. ಆ ಗಣವು ಮೈಕೈ ನೋವು, ಕೆಮ್ಮು, ಏದುಸಿರುಗಳನ್ನು ಶಮನ ಮಾಡುತ್ತದೆಂಬುದು ಅಲ್ಲಿನ ಮಾತು. 16ನೇ ಶತಮಾನದ ಭಾವಪ್ರಕಾಶವು ಹಂಸಪಾದಿಯ ಗುಣವನ್ನು ಗುರು ಮತ್ತು ಶೀತ ಎಂದು ಗುರುತಿಸಿ, ರಕ್ತದೋಷ, ವಿಷ, ವ್ರಣ, ಉರಿ ಹಾಗೂ ಚರ್ಮದ ಮೇಲೆ ಹರಡುವ ‘ವಿಸರ್ಪ’ ಎಂಬ ರೋಗಗಳಲ್ಲಿ ಉಪಯುಕ್ತವೆಂದು ಹೇಳುತ್ತದೆ.

ಹಳ್ಳಿಗಳಲ್ಲಿ ಉಳಿದುಬಂದ ರೂಢಿಯೂ ಇದಕ್ಕೆ ಹೊರತಲ್ಲ. ಉರಿಗೆ, ಗುಳ್ಳೆಗಳಿಗೆ ಎಲೆಯನ್ನು ಅರೆದು ಹಚ್ಚುವುದು, ಮಕ್ಕಳ ಕೆಮ್ಮಿಗೆ ಕಷಾಯದಲ್ಲಿ ಸೇರಿಸುವುದು ದೇಶದ ಹಲವೆಡೆ ಕಂಡುಬರುವ ಬಳಕೆ.

ಕನ್ನಡ ನಾಡಿನಲ್ಲಿ ಮೂಲಿಕೆಯ ವಿದ್ಯೆಯು ಗ್ರಂಥದಲ್ಲಿಯೂ ಕಾಯಕದಲ್ಲಿಯೂ ಬೆಳೆದುಬಂದುದು. 12ನೇ ಶತಮಾನದ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ಕನ್ನಡದಲ್ಲಿ ರಚಿಸಿದನು. 14ನೇ ಶತಮಾನದ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷವೈದ್ಯಕ್ಕೇ ಮೀಸಲಾದ ಗ್ರಂಥ. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರಿದ್ದರು. ರೋಗಿಯ ಆರೈಕೆಯೇ ಅವರ ಕಾಯಕ. ತುಮಕೂರು ಜಿಲ್ಲೆಯಲ್ಲಿಯೇ ಕೊರಟಗೆರೆಯ ಸಿದ್ಧರಬೆಟ್ಟವು ಮೂಲಿಕೆಗಳ ಬೆಟ್ಟವೆಂದು ಇಂದಿಗೂ ಹೆಸರಾಗಿದೆ. ಮೂಲಿಕೆಯಲ್ಲಿ ಜನರಿಗಿರುವ ನಂಬಿಕೆ ನಿನ್ನೆ ಮೊನ್ನೆಯದಲ್ಲ. ಅದನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ.

ಯವನರಿಂದ ಯುನಾನಿಗೆ

ಕ್ರಿಸ್ತಪೂರ್ವ 4ನೇ ಶತಮಾನದಿಂದ 3ನೇ ಶತಮಾನಕ್ಕೆ ಬಾಳಿದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್ ಸಸ್ಯಗಳ ಕುರಿತ ತನ್ನ ಗ್ರಂಥದಲ್ಲಿ ಇದನ್ನು ಬಣ್ಣಿಸಿದ್ದಾನೆ. ಗ್ರೀಕ್ ಭಾಷೆಯಲ್ಲಿ ‘ಅಡಿಯಾಂಟನ್’ ಎಂದರೆ ಒದ್ದೆಯಾಗದುದು ಎಂದರ್ಥ. ನೀರು ನಿಲ್ಲದ ಎಲೆಯನ್ನು ನೋಡಿಯೇ ಅವರು ಹೆಸರಿಟ್ಟರು. ಎಣ್ಣೆಯಲ್ಲಿ ಅರೆದು ಹಚ್ಚಿದರೆ ಕೂದಲು ಉದುರುವುದು ನಿಲ್ಲುತ್ತದೆಂದು ಅವರು ನಂಬಿದ್ದರು. ಕ್ರಿಸ್ತಶಕ 1ನೇ ಶತಮಾನದ ವೈದ್ಯ ಡಯೋಸ್ಕೊರೈಡಿಸ್ ಇದರ ಕಷಾಯವನ್ನು ಉಬ್ಬಸಕ್ಕೆ, ಕಾಮಾಲೆಗೆ, ಮೂತ್ರಕಟ್ಟಿಗೆ, ಮೂತ್ರಕೋಶದ ಕಲ್ಲಿಗೆ ಹೇಳಿದ್ದಾನೆ. ಆ ತಾಯಿಯ ಮೊಬೈಲಿಗೆ ಬಂದ ಸಂದೇಶದ ಬೇರು ಎಷ್ಟು ಹಿಂದಿನದೆಂಬುದು ಇದರಿಂದ ತಿಳಿಯುತ್ತದೆ.

ಗ್ರೀಕರ ವೈದ್ಯವು ಅರಬ್ಬರ ಮತ್ತು ಪರ್ಷಿಯನ್ನರ ಕೈಯಲ್ಲಿ ಬೆಳೆದು ಯುನಾನಿ ಎಂಬ ಹೆಸರಿನಿಂದ ಭಾರತಕ್ಕೆ ಬಂದಿತು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತನ್ನ ವೈದ್ಯಗ್ರಂಥದಲ್ಲಿ ಈ ಗಿಡವನ್ನು ವಿವರಿಸಿದ್ದಾನೆ. ಯುನಾನಿಯಲ್ಲಿ ಇದರ ಹೆಸರು ‘ಪರ್ಸಿಯಾವಶಾನ್’. ನೆಗಡಿ, ಕಫ ಕಟ್ಟಿದ ಎದೆ, ಕೆಮ್ಮುಗಳಿಗೆ ಕುದಿಸಿ ಕೊಡುವ ‘ಜೋಶಾಂದಾ’ ಕಷಾಯಗಳಲ್ಲಿ ಇದನ್ನು ಇಂದಿಗೂ ಬಳಸುತ್ತಾರೆ.

ಅರಬ್ಬೀ ಭಾಷೆಯಲ್ಲಿ ಇದಕ್ಕೆ ‘ಕುಜ್ಬರತುಲ್ ಬಿಅರ್’ ಎಂಬ ಹೆಸರೂ ಇದೆ. ಅದರ ಅರ್ಥ ‘ಬಾವಿಯ ಕೊತ್ತಂಬರಿ’. ಸ್ಪೇನ್ ದೇಶದವರೂ ಇದನ್ನು ಬಾವಿಯ ಕಿರುಕೊತ್ತಂಬರಿ ಎಂಬ ಅರ್ಥ ಬರುವಂತೆ ‘ಕುಲಾಂತ್ರಿಯೊ ದೆ ಪೋಸೊ’ ಎನ್ನುತ್ತಾರೆ. ಅವರೊಡನೆ ಆ ಹೆಸರು ದಕ್ಷಿಣ ಅಮೆರಿಕದ ದೇಶಗಳಿಗೂ ಹೋಯಿತು. ಮರುಭೂಮಿಯ ಅರಬ್ಬನೂ ಕಡಲಾಚೆಯ ರೈತನೂ ಈ ಗಿಡವನ್ನು ಗುರುತಿಸಿದುದು ಬಾವಿಯಿಂದ ಎಂಬುದನ್ನು ಓದಿದಾಗ ನಮ್ಮ ತೋಟದ ಬಾವಿಯೇ ಕಣ್ಣಮುಂದೆ ಬಂದಿತು.

ಯುರೋಪಿನ ಪಾನಕ, ಅಮೆರಿಕದ ಬುಟ್ಟಿ

ಕಪ್ಪು ದಂಟನ್ನು ಕಂಡು ರೋಮನರು ಇದನ್ನು ತಮ್ಮ ಪ್ರೇಮದೇವತೆ ವೀನಸ್ಸಿನ ಕೂದಲೆಂದು ಕರೆದರು. 1753ರಲ್ಲಿ ಲಿನ್ನೇಯಸ್ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವಾಗ ಒದ್ದೆಯಾಗದ ಎಲೆ, ದೇವತೆಯ ಕೂದಲು ಎಂಬ ಎರಡನ್ನೂ ಸೇರಿಸಿ ‘ಅಡಿಯಾಂಟಮ್ ಕ್ಯಾಪಿಲಸ್ ವೆನೆರಿಸ್’ ಎಂದನು.

ಫ್ರಾನ್ಸಿನಲ್ಲಿ ಈ ಎಲೆಯನ್ನು ಕುದಿಸಿ, ಸೋಸಿ, ಸಕ್ಕರೆಪಾಕ ಸೇರಿಸಿ ‘ಕ್ಯಾಪಿಲೇರ್’ ಎಂಬ ಕೆಮ್ಮಿನ ಪಾನಕ ಮಾಡುತ್ತಿದ್ದರು. ಬೇಡಿಕೆ ಹೆಚ್ಚಿದಾಗ ಕೆನಡಾದ ಕಾಡುಗಳಿಂದ ಇದರ ಇನ್ನೊಂದು ಜಾತಿಯ ಎಲೆಯನ್ನು ಒಣಗಿಸಿ ಹಡಗಿನಲ್ಲಿ ತರಿಸಿಕೊಂಡರು. 18ನೇ ಶತಮಾನದಲ್ಲಿ ಲಂಡನ್ನಿನ ಜನ ಅದಕ್ಕೆ ಕಿತ್ತಳೆ ಹೂವಿನ ನೀರು ಬೆರೆಸಿ ತಂಪು ಪಾನೀಯವಾಗಿ ಕುಡಿದರು. ಕ್ರಮೇಣ ಎಲೆಯನ್ನು ಬಿಟ್ಟು ಬರಿಯ ಸಕ್ಕರೆಪಾಕವನ್ನೇ ಆ ಹೆಸರಿನಿಂದ ಮಾರುವ ಕಾಲವೂ ಬಂದಿತು. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ‘ಕಪಿಲೆ’ ಎಂಬ ಪಾನಕ ಇಂದಿಗೂ ಉಂಟು.

ಉತ್ತರ ಅಮೆರಿಕದ ಮೂಲನಿವಾಸಿಗಳು ಗ್ರೀಕರ ಗ್ರಂಥಗಳನ್ನು ಓದಿದವರಲ್ಲ. ಆದರೂ ಪಶ್ಚಿಮ ಕರಾವಳಿಯ ಕೆಲವು ಬುಡಕಟ್ಟುಗಳು ತಮ್ಮ ನಾಡಿನ ಅಡಿಯಾಂಟಮ್ ಎಲೆಯನ್ನು ನೀರಿನಲ್ಲಿ ನೆನೆಸಿ ತಲೆ ತೊಳೆಯುತ್ತಿದ್ದರು. ಕೂದಲು ಉದ್ದವಾಗಿ ಹೊಳೆಯುತ್ತದೆಂಬುದು ಅವರ ನಂಬಿಕೆ. ಕ್ಯಾಲಿಫೋರ್ನಿಯಾದ ಯುರೊಕ್, ಕರೂಕ್, ಹೂಪಾ ಜನರು ಕಪ್ಪು ದಂಟನ್ನು ಸೀಳಿ ಬುಟ್ಟಿಗಳಲ್ಲಿ ಚಿತ್ತಾರ ಹೆಣೆಯುತ್ತಾರೆ. ಮೆಕ್ಸಿಕೊ ಮೊದಲಾದ ದೇಶಗಳ ನಾಟಿವೈದ್ಯದಲ್ಲಿ ಇದರ ಕಷಾಯವನ್ನು ಹೆಣ್ಣುಮಕ್ಕಳ ಮುಟ್ಟು ತಡೆದಾಗ ಕೊಡುತ್ತಾರೆ. ಚೀನೀಯರು ದಂಟನ್ನು ಕಬ್ಬಿಣದ ತಂತಿಗೆ ಹೋಲಿಸಿ ‘ಕಬ್ಬಿಣತಂತಿಯ ಜರೀಗಿಡ’ ಎಂದು ಹೆಸರಿಟ್ಟಿದ್ದಾರೆ.

ಒಂದೇ ಮಾತು ಹಲವು ಕಡೆ ಕೇಳಿದರೆ

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಬಳಕೆಗಳು ಬೇರೆ ಬೇರೆ ನಾಡುಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಒಂದು ಗಂಟಲು ಮತ್ತು ಎದೆಗೆ ಸಂಬಂಧಿಸಿದುದು. ಇನ್ನೊಂದು ಕೂದಲಿಗೆ ಸಂಬಂಧಿಸಿದುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗಂಟಲಿನ ಬಳಕೆಗೆ ಒಂದು ಆಧಾರ ಕಾಣುತ್ತದೆ. ಎಲೆಯಲ್ಲಿ ಲೋಳೆಯಂತಹ ಅಂಶ, ಒಗರಾದ ಟ್ಯಾನಿನ್, ಫ್ಲೇವನಾಯ್ಡ್ ಎಂಬ ಸಂಯುಕ್ತಗಳು ಇವೆ. ಲೋಳೆಯು ಕೆರೆಯುವ ಗಂಟಲಿಗೆ ಹಿತ. ಒಗರು ಊತವನ್ನು ಕುಗ್ಗಿಸಬಲ್ಲದು. ಎಲೆಯ ಸಾರವು ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂಬುದು, ಊತ ಇಳಿಸುತ್ತದೆಂಬುದು ಪ್ರಯೋಗಶಾಲೆಯಲ್ಲಿ ಮತ್ತು ಪ್ರಾಣಿಗಳ ಮೇಲೆ ಕಂಡುಬಂದಿದೆ. ಪರಸ್ಪರ ಸಂಬಂಧವಿಲ್ಲದ ಜನರು ಒಂದೇ ಅನುಭವಕ್ಕೆ ಬಂದಿರುವುದೂ ಗಮನಾರ್ಹ.

ಕೂದಲಿನ ನಂಬಿಕೆ ಹಾಗಲ್ಲ. ಕೂದಲಿನಂತೆ ಕಾಣುವ ದಂಟು ಕೂದಲಿಗೆ ಒಳ್ಳೆಯದೆಂಬ ಹೋಲಿಕೆಯ ತರ್ಕ ಅದರ ಹಿಂದೆ ಇರುವಂತೆ ತೋರುತ್ತದೆ. ಹೋಲಿಕೆಯ ಮೇಲೆ ಔಷಧಿಯನ್ನು ಊಹಿಸುವುದು ಎಲ್ಲ ನಾಡುಗಳ ಹಳೆಯ ರೂಢಿ. ಹಲವು ಕಡೆ ಒಂದೇ ಮಾತು ಕೇಳಿಬಂದರೆ ಅದು ಅನುಭವದಿಂದ ಬಂದುದೂ ಇರಬಹುದು, ಒಂದೇ ಬಗೆಯ ಊಹೆಯಿಂದ ಬಂದುದೂ ಇರಬಹುದು. ಇನ್ನು ಮೂತ್ರಪಿಂಡದ ಕಲ್ಲಿಗೆ ಇದು ಮಾತ್ರೆಯ ಬದಲಿಗೆ ನಿಲ್ಲಬಲ್ಲದೆನ್ನಲು ಮನುಷ್ಯರ ಮೇಲಿನ ಪರೀಕ್ಷೆಯ ಬಲವಾದ ಆಧಾರವಿಲ್ಲ. 2,000 ವರ್ಷ ಹಳೆಯ ಮಾತೆಂಬ ಒಂದೇ ಕಾರಣಕ್ಕೆ ಅದು ನಿಜವೂ ಆಗುವುದಿಲ್ಲ, ಸುಳ್ಳೂ ಆಗುವುದಿಲ್ಲ, ಪರೀಕ್ಷಿಸಬೇಕಾಗುತ್ತದೆ.

ಹೋಲಿಕೆಯ ಅಪಾಯ

ಎಲ್ಲ ಜರೀಗಿಡವೂ ಔಷಧಿಯಲ್ಲ. ಕೊಡಗಿನಲ್ಲಿ ಮಳೆಗಾಲದ ತೆರ್ಮೆ ಸೊಪ್ಪನ್ನು ಪಲ್ಯ ಮಾಡಿ ಉಣ್ಣುತ್ತಾರೆ. ಅದೂ ಒಂದು ಜರೀಗಿಡದ ಸುರುಳಿ ಚಿಗುರು. ಆದರೆ ಬೆಟ್ಟಸೀಮೆಗಳಲ್ಲಿ ಬೆಳೆಯುವ ಬ್ರಾಕೆನ್ ಎಂಬ ಇನ್ನೊಂದು ಜರೀಗಿಡದಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಅಂಶವಿದೆ. ಅದನ್ನು ಬಹುಕಾಲ ಮೇದ ದನಗಳ ಮೂತ್ರದಲ್ಲಿ ರಕ್ತ ಹೋಗುತ್ತದೆ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಹಳೆಯ ಗೋಡೆಗಳಲ್ಲಿ, ಬಾವಿಯ ಗಾರೆಯ ಸಂದುಗಳಲ್ಲಿ ‘ಟೆರಿಸ್ ವಿಟ್ಟಾಟಾ’ ಎಂಬ ಜರೀಗಿಡ ಬೆಳೆಯುತ್ತದೆ; ಏಣಿಯ ಮೆಟ್ಟಿಲಿನಂತೆ ಇಕ್ಕೆಲಗಳಲ್ಲಿ ಉದ್ದನೆಯ ಕಿರುಎಲೆಗಳು ಇರುತ್ತವೆ. ಮಣ್ಣಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನು ಹೀರಿ ಎಲೆಗಳಲ್ಲಿ ಶೇಖರಿಸಿಕೊಳ್ಳುವ ಗುಣ ಇದಕ್ಕಿದೆಯೆಂದು ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಕಲುಷಿತ ನೆಲವನ್ನು ಶುದ್ಧಮಾಡಲು ಈ ಗಿಡವನ್ನು ನೆಡುವುದುಂಟು. ನೆಲಕ್ಕೆ ಅದು ಉಪಕಾರಿ. ಕಷಾಯಕ್ಕೆ ಹಾಕಿದರೆ ಅಪಾಯಕಾರಿ. ಆ ತಾಯಿಯ ಚೀಲದಲ್ಲಿ ವೈದ್ಯರು ಬೇರ್ಪಡಿಸಿ ಇಟ್ಟುದು ಇದನ್ನೇ.

ಹೆಸರನ್ನು ನಂಬಿಯೂ ಮೋಸಹೋಗಬಹುದು. ‘ಮಯೂರಶಿಖೆ’ ಎಂದರೆ ಕೆಲವರಿಗೆ ಬಂಡೆಯ ಬಿರುಕಿನಲ್ಲಿ ಪುಟ್ಟ ತಾಳೆಯಂತೆ ನಿಲ್ಲುವ ಜರೀಗಿಡ, ಕೆಲವರಿಗೆ ಹಂಸಪಾದಿಯದೇ ಕುಲದ ಇನ್ನೊಂದು ಗಿಡ, ಮತ್ತೆ ಕೆಲವರಿಗೆ ಕೋಳಿಜುಟ್ಟಿನ ಹೂಗಿಡ. ಹೆಸರು ಒಂದು, ಗಿಡ ಮೂರು.

ಬಾವಿ ಬತ್ತಿದರೆ ಗಿಡವೂ ಇಲ್ಲ

ನಾವು ಚಿಕ್ಕವರಿದ್ದಾಗ ಮಾಯಸಂದ್ರದ ಸುತ್ತಲಿನ ತೆಂಗಿನ ತೋಟಗಳಲ್ಲಿ ಕಲ್ಲುಕಟ್ಟಡದ ತೆರೆದ ಬಾವಿಗಳು ಎಲ್ಲೆಲ್ಲಿಯೂ ಇದ್ದವು. ಕಪಿಲೆ ಹೊಡೆಯುವ ಕಾಲ ಮುಗಿದು ಪಂಪುಸೆಟ್ಟು ಬಂದಿತ್ತು. ನೀರು ಮಾತ್ರ ಕೈಗೆಟುಕುವಷ್ಟು ಮೇಲೆಯೇ ಇತ್ತು. ಬಾವಿಗೆ ಇಣುಕಿದರೆ ಒಳಗೋಡೆಯ ತುಂಬ ಹಸಿರು ಜೋತುಬಿದ್ದಿರುತ್ತಿತ್ತು. ಅದಕ್ಕೊಂದು ಹೆಸರಿದೆಯೆಂದು ಆಗ ನಮಗೆ ತಿಳಿದಿರಲಿಲ್ಲ. ಅನಂತರ ಕೊಳವೆಬಾವಿಗಳು ಬಂದವು. ನೂರು ಅಡಿಗೆ ಸಿಗುತ್ತಿದ್ದ ನೀರು ಹಲವು ನೂರು ಅಡಿಗಳಿಗೆ ಇಳಿಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಉಳಿಸಿಕೊಳ್ಳಲು ರೈತ ಪಟ್ಟ ಪಾಡನ್ನು ನಾವು ಹೇಳಬೇಕಾಗಿಲ್ಲ; ಓದುತ್ತಿರುವವರಲ್ಲಿ ಹೆಚ್ಚಿನವರು ಅದನ್ನು ಅನುಭವಿಸಿದವರೇ. ತೆರೆದ ಬಾವಿಗಳು ಬತ್ತಿ, ಕಸದ ಗುಂಡಿಗಳಾಗಿ, ಎಷ್ಟೋ ಕಡೆ ಮುಚ್ಚಿಯೇ ಹೋದವು. ಬಾವಿಯೊಡನೆ ಬಾವಿಗೋಡೆಯ ಗಿಡವೂ ಹೋಯಿತು.

ಶ್ರೀಮಠದ ಬಾವಿಯೂ ಹಲವು ವರ್ಷ ಒಣಗಿತ್ತು. ಹೇಮಾವತಿ ನಾಲೆಯ ನೀರು ಹರಿದು ಕೆರೆ ತುಂಬಿದ ವರ್ಷ ಬಾವಿಯ ಕೆಳಸುತ್ತಿನ ಕಲ್ಲುಗಳಲ್ಲಿ ತೇವ ಕಾಣಿಸಿಕೊಂಡಿತು. ಒಂದು ಮಳೆಗಾಲ ಕಳೆಯುವುದರೊಳಗೆ ಕಪ್ಪುದಂಟಿನ ಎಲೆಗಳು ಅಲ್ಲಲ್ಲಿ ಇಣುಕಿದವು. ನೆಟ್ಟವರಿಲ್ಲ, ನೀರೆರೆದವರಿಲ್ಲ, ಗಾಳಿ ತಂದ ಬೀಜಕಕ್ಕೆ ತೇವ ದೊರಕಿತು, ಅಷ್ಟೇ. ಕಾರ್ತಿಕದಲ್ಲಿ ಚೀಲ ತುಂಬಿ ಹೋದುದು ಆ ಗಿಡಗಳೇ. ಆ ತಾಯಿಯ ಮೇಲೆ ನಮಗೆ ಬೇಸರವಿಲ್ಲ. ನೋವಿನಲ್ಲಿದ್ದವರು ಕೈಗೆ ಸಿಕ್ಕಿದ ಆಸರೆಯನ್ನು ಹಿಡಿಯುತ್ತಾರೆ. ಆದರೆ ಬೇರುಸಹಿತ ಕಿತ್ತ ಗೋಡೆ ಈಗ ಮತ್ತೆ ಬರಿದಾಗಿದೆ. ಒಂದೆರಡು ಬುಡಗಳು ಮಾತ್ರ ಉಳಿದಿವೆ.

ಭಕ್ತರಲ್ಲಿ ವಿನಂತಿ

ಮೇಲಿನ ವಿಷಯಗಳನ್ನು ಗಮನದಲ್ಲಿಟ್ಟುಕೊಂಡು ಭಕ್ತರು ಕೆಲವು ಸಂಗತಿಗಳನ್ನು ಪಾಲಿಸಬೇಕೆಂದು ಕೋರುತ್ತೇವೆ.

ಮೊದಲನೆಯದಾಗಿ, ವೈದ್ಯರು ಕೊಟ್ಟ ಔಷಧಿಯನ್ನು ಯಾವ ಸಂದೇಶವನ್ನು ನಂಬಿಯೂ ನಿಲ್ಲಿಸಬೇಡಿರಿ. ಮೂಲಿಕೆ ತೆಗೆದುಕೊಳ್ಳಬೇಕೆನಿಸಿದರೆ ನೋಂದಾಯಿತ ಆಯುರ್ವೇದ ಅಥವಾ ಯುನಾನಿ ವೈದ್ಯರಿಗೆ ಗಿಡವನ್ನು ತೋರಿಸಿ, ಈಗಾಗಲೇ ಸೇವಿಸುತ್ತಿರುವ ಮಾತ್ರೆಗಳನ್ನೂ ತಿಳಿಸಿ ಅವರ ಸಲಹೆಯಂತೆ ನಡೆಯಿರಿ.

ಎರಡನೆಯದಾಗಿ, ಗರ್ಭಿಣಿಯರು ಹಂಸಪಾದಿಯ ಕಷಾಯವನ್ನು ಸೇವಿಸಬಾರದು. ಮುಟ್ಟು ತರಿಸಲು ಇದನ್ನು ಬಳಸುವ ರೂಢಿ ಹಲವು ದೇಶಗಳಲ್ಲಿರುವುದೇ ಈ ಎಚ್ಚರಿಕೆಗೆ ಕಾರಣ.

ಮೂರನೆಯದಾಗಿ, ಗಿಡವನ್ನು ಬುಡಸಹಿತ ಕೀಳಬೇಡಿರಿ. ವೈದ್ಯರ ಸಲಹೆಯಂತೆ ಬೇಕಾದರೆ ಒಂದೆರಡು ಎಲೆಗಳನ್ನು ಮಾತ್ರ ಕತ್ತರಿಸಿಕೊಂಡು, ಬೀಜಕ ಹೊತ್ತ ಎಲೆಗಳನ್ನು ಬಿಡಿರಿ. ಬಾವಿಗೋಡೆಗೆ, ಕಲ್ಯಾಣಿಗೆ ಕಳೆನಾಶಕ ಸಿಂಪಡಿಸಬೇಡಿರಿ.

ಕೊನೆಯದಾಗಿ, ತೋಟದಲ್ಲಿ ಹಳೆಯ ತೆರೆದ ಬಾವಿ ಇರುವವರು ಅದನ್ನು ಮುಚ್ಚಬೇಡಿರಿ. ಸುತ್ತ ತಡೆಗೋಡೆ ಕಟ್ಟಿ, ಕಸ ತೆಗೆಸಿ, ಮಳೆಯ ನೀರನ್ನು ಮರಳು ಜಲ್ಲಿಗಳ ಗುಂಡಿಯಲ್ಲಿ ಸೋಸಿ ಒಳಗೆ ಬಿಡಿರಿ. ಅದೇ ನೆಲದ ಕೆಳಗೆ ಹೋಗಿ ನಿಮ್ಮ ಮತ್ತು ನೆರೆಯವರ ಕೊಳವೆಬಾವಿಗೆ ನೆರವಾಗುತ್ತದೆ. ಶ್ರೀಮಠದ ಬಾವಿಗೂ ಈ ವ್ಯವಸ್ಥೆಯನ್ನು ಬರುವ ಮುಂಗಾರಿನೊಳಗೆ ಮಾಡಿಸಬೇಕೆಂದಿದ್ದೇವೆ. ಕೈಜೋಡಿಸುವ ಭಕ್ತರು ಕಾರ್ಯಾಲಯದಲ್ಲಿ ಹೆಸರು ಬರೆಸಬಹುದು.

ಬಾವಿಗೋಡೆಯಲ್ಲಿ ಹಂಸಪಾದಿ ಚಿಗುರಿದೆಯೆಂದರೆ ಅಲ್ಲಿ ತೇವವಿದೆಯೆಂದು ಅರ್ಥ. ಗಂಟಲಿಗೆ ಅದರಿಂದ ಉಪಯೋಗವೆಷ್ಟು ಎಂಬುದನ್ನು ವೈದ್ಯರು ನಿರ್ಧರಿಸಲಿ. ಊರಿಗೆ ನೀರಿನ ಸುದ್ದಿ ಹೇಳುವ ಗಿಡವೆಂದು ಅದನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಹೊಣೆ.